ಕಿಕ್ ಎಲ್ಲಿ ಹೋಯ್ತು? ಸ್ಟೀರಿಯೊ, ಮೋನೊ ಕಿಕ್ ಸ್ಯಾಂಪಲ್ ಕೈಕೊಟ್ಟಾಗ ತಪ್ಪು ಹುಡುಕುವ ದಾರಿ

ಒಂದು ಕಾಲೇಜು ಫೆಸ್ಟ್‌ನಲ್ಲಿ ನನ್ನ ಟ್ರ್ಯಾಕ್ ಹಾಕಿದ್ದರು. ಮನೆಯಲ್ಲಿ ಹೆಡ್‌ಫೋನ್‌ನಲ್ಲಿ ಎದೆಗೆ ಗುದ್ದುವ ಹಾಗೆ ಕೇಳುತ್ತಿದ್ದ ಕಿಕ್, ಅಂದರೆ ಬೇಸ್ ಡ್ರಮ್‌ನ ಗುಮ್ ಸದ್ದು, ಅಲ್ಲಿ ಇರಲೇ ಇಲ್ಲ. ಹಿಂದಿನ ರಿವರ್ಬ್ (ಕೋಣೆಯ ಅನುರಣನ) ಇತ್ತು, ಅಗಲ ಮಾಡಿದ್ದ ಪ್ಯಾಡ್ (ಹಿನ್ನೆಲೆಯ ಸಿಂಥ್ ಸದ್ದು) ಇತ್ತು, ಕಿಕ್ ಮತ್ತು ಹಾಡಿದವರ ದನಿ ಮಾತ್ರ ಮಾಯ. ಮನೆಗೆ ಬಂದು ಎರಡು ದಿನ ಸ್ಯಾಂಪಲ್ (ಕಿಕ್‌ನ ಸಿದ್ಧ ಆಡಿಯೊ ತುಣುಕು) ಬದಲಿಸಿದೆ, ಇಕ್ಯೂ (ಬೇಸ್, ಟ್ರೆಬಲ್ ಏರಿಳಿಸುವ ಸಾಧನ) ತಿರುಗಿಸಿದೆ, ಕಂಪ್ರೆಸರ್ ಹಾಕಿದೆ. ಕೊನೆಗೆ ಗೊತ್ತಾಯಿತು, ಸ್ಯಾಂಪಲ್‌ನಲ್ಲಿ ಏನೂ ತಪ್ಪಿರಲಿಲ್ಲ. ಲ್ಯಾಪ್‌ಟಾಪ್‌ನಿಂದ ಮಿಕ್ಸರ್‌ಗೆ ಎಳೆದಿದ್ದ ಕೇಬಲ್ ತಪ್ಪಾಗಿತ್ತು.

ಅವತ್ತಿನಿಂದ ಕಿಕ್ ತೊಂದರೆ ಕೊಟ್ಟರೆ ಒಂದೇ ಕ್ರಮದಲ್ಲಿ ನೋಡುತ್ತೇನೆ. ಮೊದಲು ಕಿವಿ, ಕೇಬಲ್, ಸೆಟ್ಟಿಂಗ್. ಆಮೇಲೆ ಫೈಲ್. ಪ್ಲಗಿನ್ (ಸಾಫ್ಟ್‌ವೇರ್ ಒಳಗೆ ಸದ್ದನ್ನು ಬದಲಿಸುವ ಸಾಧನ) ಕಡೆಗೆ ಕೈ ಹೋಗುವುದು ಕೊನೆಗೆ. ಎಲ್ಲ ಹಂತದಲ್ಲೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಎಡದಿಂದ ಬಲವನ್ನು ಕಳೆದರೆ ಏನು ಉಳಿಯುತ್ತದೆ?

ಈ ಲೆಕ್ಕ ಸುಲಭ. ಮೋನೊ ಫೈಲ್‌ನಲ್ಲಿ ಒಂದೇ ಅಲೆ ಇರುತ್ತದೆ. ಸ್ಟೀರಿಯೊ ಫೈಲ್‌ನಲ್ಲಿ ಎರಡು. ಆ ಎರಡೂ ಒಂದೇ ಥರ ಇದ್ದರೆ ಕಳೆದಾಗ ಸೊನ್ನೆ. ಆಗ ಅದು ಹೆಸರಿಗೆ ಮಾತ್ರ ಸ್ಟೀರಿಯೊ, ನಿಜಕ್ಕೂ ಮೋನೊ. ಸ್ಯಾಂಪಲ್ ಪ್ಯಾಕ್‌ಗಳಲ್ಲಿ ಇಂಥ ಕಿಕ್‌ಗಳು ಬೇಕಾದಷ್ಟಿವೆ. ಮೋನೊ ಮಾಡುವುದು ಅಂದರೆ ಎಡಕ್ಕೆ ಬಲವನ್ನು ಕೂಡಿಸುವುದು. ಎರಡು ಅಲೆ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಸದ್ದು ಗಟ್ಟಿ. ಒಂದು ಏರುವಾಗ ಇನ್ನೊಂದು ಇಳಿದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಮುಂದೆ ಬರುವ ಹೆಚ್ಚಿನ ತೊಂದರೆಗಳ ಬೇರು ಇಲ್ಲೇ ಇದೆ.

ಶುರು ಮಾಡುವ ಮುಂಚೆ

ವಾಲ್ಯೂಮ್ ಇಳಿಸಿ. ಸುಮ್ನೆ ಹೇಳುತ್ತಿಲ್ಲ. ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ ನೋಡುವಾಗ ಅಲ್ಲಿಯವರೆಗೆ ಇಲ್ಲದ ಬೇಸ್ ಒಂದೇ ಕ್ಷಣದಲ್ಲಿ ವಾಪಸ್ ಬರುತ್ತದೆ. ಹೆಡ್‌ಫೋನ್‌ನಲ್ಲಿದ್ದರೆ ಕಿವಿಗೆ ಪೆಟ್ಟು, ಸಣ್ಣ ಸ್ಪೀಕರ್ ಆದರೆ ಅದರ ಕೋನ್‌ಗೆ ಪೆಟ್ಟು. ಪ್ರಾಜೆಕ್ಟ್‌ನ ಇನ್ನೊಂದು ಪ್ರತಿ ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ, ಮೂಲ ಸ್ಯಾಂಪಲ್ ಮೇಲೆ ಏನನ್ನೂ ಬರೆಯಬೇಡಿ.

ದುಡ್ಡು ಖರ್ಚು ಮಾಡುವ ಅಗತ್ಯ ಇಲ್ಲ. ಆಡಿಯೊ ಎಡಿಟ್ ಮಾಡುವ ಆಡಾಸಿಟಿ ಉಚಿತ. ವಾಕ್ಸೆಂಗೊ ಕಂಪನಿಯ ಸ್ಪ್ಯಾನ್ ಪ್ಲಗಿನ್ ಉಚಿತ, ಅದರಲ್ಲಿ ಕೋರಿಲೇಶನ್ ಮೀಟರ್ ಇದೆ. ಅವರದೇ ಎಂಎಸ್‌ಇಡಿ ಕೂಡ ಉಚಿತ, ಅದರಲ್ಲಿ ಮಿಡ್ (ಎಡ ಬಲದ ಮೊತ್ತ) ಮ್ಯೂಟ್ ಮಾಡಿದರೆ ಎಡ-ಬಲದ ವ್ಯತ್ಯಾಸ ಮಾತ್ರ ಕೇಳಿಸುತ್ತದೆ. ಏನೂ ಇಲ್ಲದಿದ್ದರೂ ನಿಮ್ಮ ಫೋನಿನ ಅಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೊ ಆಡಿಯೊ ಅಂತ ಒಂದು ಸ್ವಿಚ್ ಇರುತ್ತದೆ. ಒಂದು ಕಿವಿ ಸರಿಯಾಗಿ ಕೇಳಿಸದವರಿಗೆ ಅಂತ ಕೊಟ್ಟದ್ದು. ನಮಗೆ ಮೋನೊ ಪರೀಕ್ಷೆಗೂ ಅದೇ ಸಾಕು.

ಕೋರಿಲೇಶನ್ ಮೀಟರ್ ಓದುವುದು ಹೀಗೆ. ಮುಳ್ಳು +1ರಲ್ಲಿ ನಿಂತರೆ ಎರಡೂ ಕಡೆ ಒಂದೇ. 0 ಹತ್ತಿರ ಇದ್ದರೆ ಎಡಕ್ಕೂ ಬಲಕ್ಕೂ ಸಂಬಂಧ ಕಡಿಮೆ. −1 ಕಡೆಗೆ ಹೋದರೆ ಒಂದಕ್ಕೊಂದು ಉಲ್ಟಾ. ಕಿಕ್ ಒಂದನ್ನೇ ಸೋಲೊ ಮಾಡಿ ನೋಡಿ, ಪೂರ್ತಿ ಹಾಡಿನ ಮೇಲೆ ಹಾಕಿದರೆ ಕಿಕ್‌ನ ಗುಟ್ಟು ತಿಳಿಯುವುದಿಲ್ಲ.

ಲಕ್ಷಣ: ಕಿಕ್ ಒಂದೇ ಕಿವಿಯಲ್ಲಿ ಕೇಳಿಸುತ್ತದೆ, ಅಥವಾ ಒಂದು ಕಡೆ ವಾಲಿದೆ

ಮೊದಲು ಇಯರ್‌ಫೋನ್ ಅದಲು ಬದಲು ಮಾಡಿ ಹಾಕಿಕೊಳ್ಳಿ. ಎಡ ಕಿವಿಯಲ್ಲಿ ಕೇಳುತ್ತಿದ್ದದ್ದು ಈಗ ಬಲ ಕಿವಿಗೆ ಬಂತಾ? ಹಾಗಾದರೆ ನಿಮ್ಮ ಕಿವಿ ಸರಿಯಾಗಿದೆ. ಅದಲು ಬದಲು ಮಾಡಿದರೂ ಎಡ ಕಿವಿಯಲ್ಲೇ ಕೇಳುತ್ತಿದ್ದರೆ ಬಲ ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು, ನೆಗಡಿ ಇರಬಹುದು. ಅಂಥ ದಿನ ಮಿಕ್ಸ್ ಮಾಡಬೇಡಿ.

ಆಮೇಲೆ ಚೆನ್ನಾಗಿ ಗೊತ್ತಿರುವ ಬೇರೆ ಯಾವುದಾದರೂ ಹಾಡು ಹಾಕಿ. ಅದೂ ವಾಲಿದ್ದರೆ ಇಯರ್‌ಫೋನ್‌ನ ಜಾಲರಿಯಲ್ಲಿ ಕೊಳೆ ಇದೆ, ಇಲ್ಲವೇ ಫೋನ್ ಅಥವಾ ಕಂಪ್ಯೂಟರ್‌ನ ಬ್ಯಾಲೆನ್ಸ್ ಸ್ಲೈಡರ್ ನಡುವೆ ಇಲ್ಲ. ಬೇರೆ ಹಾಡು ಸರಿಯಿದ್ದು ನಿಮ್ಮ ಕಿಕ್ ಮಾತ್ರ ವಾಲಿದ್ದರೆ ಆಗ ಫೈಲ್ ತೆರೆದು ನೋಡಿ.

ಒಂದು ಕಡೆಯ ಗೆರೆ ಪೂರ್ತಿ ಚಪ್ಪಟೆ ಇದ್ದರೆ ವಿಷಯ ಸರಳ. ಯಾರೋ ಒಂದೇ ಮೈಕ್ ಅನ್ನು ಇಂಟರ್‌ಫೇಸ್‌ನ (ಮೈಕ್ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆಯ) ಮೊದಲ ಇನ್‌ಪುಟ್‌ಗೆ ಹಾಕಿ ಸ್ಟೀರಿಯೊ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿದ್ದಾರೆ. ಇಲ್ಲಿ ಬಹಳ ಜನ ಮೋನೊಗೆ ಡೌನ್‌ಮಿಕ್ಸ್ ಮಾಡುತ್ತಾರೆ. ಹಾಗೆ ಮಾಡಿದರೆ ಸದ್ದು ಇರುವ ಕಡೆಯನ್ನು ಖಾಲಿ ಕಡೆಯ ಜೊತೆ ಸರಾಸರಿ ಮಾಡಿದ ಹಾಗೆ, 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಕಳೆದುಹೋಗುತ್ತದೆ. ಬದಲಿಗೆ ಸದ್ದು ಇರುವ ಕಡೆಯನ್ನಷ್ಟೇ ತೆಗೆದುಕೊಳ್ಳಿ. ರೀಪರ್ ಅನ್ನುವ ಸಂಗೀತ ಸಾಫ್ಟ್‌ವೇರ್‌ನಲ್ಲಿ ಐಟಂ ಪ್ರಾಪರ್ಟೀಸ್‌ನ ಚಾನೆಲ್ ಮೋಡ್‌ನಲ್ಲಿ ಎಡ ಮಾತ್ರ, ಬಲ ಮಾತ್ರ ಅನ್ನುವ ಆಯ್ಕೆಗಳಿವೆ. ಅಂಥದೇ ಏಬಲ್‌ಟನ್ ಸಾಫ್ಟ್‌ವೇರ್‌ನ ಯುಟಿಲಿಟಿಯಲ್ಲೂ ಇವೆ. ಆಡಾಸಿಟಿಯಲ್ಲಿ ಸ್ಟೀರಿಯೊ ಟ್ರ್ಯಾಕ್ ಅನ್ನು ಎರಡು ಮೋನೊ ಮಾಡಿ ಬೇಡದ್ದನ್ನು ಅಳಿಸಿದರೆ ಆಯಿತು.

ಎರಡೂ ಕಡೆ ಸದ್ದಿದ್ದು ಒಂದು ಕಡೆ 1 ಅಥವಾ 2 ಡಿಬಿ ಜಾಸ್ತಿ ಇದ್ದರೆ ಹಳೆಯ ಟೇಪ್ ಅಥವಾ ಹಾರ್ಡ್‌ವೇರ್ ಮೂಲಕ ಹಾದು ಬಂದ ಸ್ಯಾಂಪಲ್ ಇರಬಹುದು. ಇಲ್ಲೂ ಚೆನ್ನಾಗಿರುವ ಒಂದು ಕಡೆಯನ್ನು ಹಿಡಿದು ಇನ್ನೊಂದನ್ನು ಬಿಡಿ.

ಲಕ್ಷಣ: ಕಿಕ್ ಪೂರ್ತಿ ಮಾಯ, ರಿವರ್ಬ್ ಮಾತ್ರ ಕೇಳಿಸುತ್ತದೆ

ಇದು ನನಗೆ ಆದದ್ದು. ನಡುವೆ ಇರುವುದೆಲ್ಲ ಹೋಗಿ ಅಕ್ಕಪಕ್ಕದ್ದು ಮಾತ್ರ ಉಳಿದರೆ ಎಲ್ಲೋ ಒಂದು ಕಡೆ ಎಡದಿಂದ ಬಲವನ್ನು ಕಳೆಯುವ ಕೆಲಸ ನಡೆಯುತ್ತಿದೆ ಅಂತ ಅರ್ಥ. ನಿಮ್ಮ ಕಿಕ್ ಎಷ್ಟು ಅಚ್ಚುಕಟ್ಟಾದ ಮೋನೊ ಆಗಿದೆಯೋ ಅಷ್ಟು ಪೂರ್ತಿಯಾಗಿ ಮಾಯವಾಗುತ್ತದೆ. ಅಂದರೆ ಇಲ್ಲಿ ಕಿಕ್ ಹೋಗಿರುವುದೇ ಸ್ಯಾಂಪಲ್ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ.

ಹೆಡ್‌ಫೋನ್‌ನಲ್ಲಿ ಹೀಗಾದರೆ ಪಿನ್ ಅನ್ನು ಪೂರ್ತಿ ಒಳಗೆ ಒತ್ತಿ, ಸ್ವಲ್ಪ ತಿರುಗಿಸಿ. ಹೆಡ್‌ಫೋನ್ ಪಿನ್‌ನ ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡದ ಭಾಗ ಎರಡಕ್ಕೂ ಸೇರಿದ ವಾಪಸಿನ ದಾರಿ. ಆ ಬುಡದ ಸಂಪರ್ಕ ತಪ್ಪಿದರೆ ಕರೆಂಟ್ ಒಂದು ಸ್ಪೀಕರ್‌ನಿಂದ ಇನ್ನೊಂದು ಸ್ಪೀಕರ್ ಮೂಲಕವೇ ಹರಿಯಬೇಕಾಗುತ್ತದೆ. ಆಗ ಕೇಳುವುದು ವ್ಯತ್ಯಾಸ ಮಾತ್ರ. ಪಿನ್ ಅಲ್ಲಾಡಿಸಿದಾಗ ಕಿಕ್ ಬಂದು ಹೋಗಿ ಮಾಡಿದರೆ ವೈರ್ ಒಳಗೆ ಕಿತ್ತಿದೆ. ಬೆಸುಗೆ ಹಾಕಲು ಬಂದರೆ ಪಿನ್ ಬದಲಿಸಿ, ಇಲ್ಲದಿದ್ದರೆ ರಿಪೇರಿ ಅಂಗಡಿಗೆ ಕೊಡಿ.

ಸ್ಟೇಜ್‌ನಲ್ಲಿ ಹೀಗಾದರೆ ಕೇಬಲ್ ನೋಡಿ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಹೊರಟು ಒಂದೇ ಒಂದು ಎಕ್ಸ್‌ಎಲ್‌ಆರ್ ಪ್ಲಗ್ (ಒಳಗೆ ಮೂರು ಪಿನ್ ಇರುವ ಮೈಕ್ ಪ್ಲಗ್) ಆಗಿ ಮುಗಿಯುವ ಕೇಬಲ್ ಇದೆಯಾ? ಮಿಕ್ಸರ್‌ನ ಮೈಕ್ ಇನ್‌ಪುಟ್ ಬ್ಯಾಲೆನ್ಸ್ಡ್ ಇರುತ್ತದೆ. 2ನೇ ಪಿನ್‌ನಲ್ಲಿ ಬಂದದ್ದರಿಂದ 3ನೇ ಪಿನ್‌ನಲ್ಲಿ ಬಂದದ್ದನ್ನು ಕಳೆಯುವುದೇ ಅದರ ಕೆಲಸ, ದಾರಿಯಲ್ಲಿ ಸೇರಿದ ಗುಂಯ್ ಸದ್ದು ಹೋಗಲಿ ಅಂತ. ಅಲ್ಲಿಗೆ ನೀವು ಎಡವನ್ನು 2ಕ್ಕೆ, ಬಲವನ್ನು 3ಕ್ಕೆ ಕೊಟ್ಟರೆ ಅದು ತನ್ನ ಕೆಲಸ ಮಾಡುತ್ತದೆ, ನಿಮ್ಮ ಕಿಕ್ ಹೋಗುತ್ತದೆ. ಸ್ಟೀರಿಯೊ ಪಿನ್ ಇರುವ ಕೇಬಲ್ ಅನ್ನು ನೇರ ಬ್ಯಾಲೆನ್ಸ್ಡ್ ಲೈನ್ ಇನ್‌ಪುಟ್‌ಗೆ ಚುಚ್ಚಿದರೂ ಇದೇ ಕಥೆ.

ಸರಿ ಮಾಡುವುದು ಕಷ್ಟ ಇಲ್ಲ. ಒಂದು ಕಡೆ ಸಣ್ಣ ಸ್ಟೀರಿಯೊ ಪಿನ್, ಇನ್ನೊಂದು ಕಡೆ ಎರಡು ದೊಡ್ಡ ಮೋನೊ ಪಿನ್ ಇರುವ ಕೇಬಲ್ ತೆಗೆದುಕೊಂಡು ಮಿಕ್ಸರ್‌ನ ಎರಡು ಲೈನ್ ಚಾನೆಲ್‌ಗೆ ಹಾಕಿ. ದೂರ ಜಾಸ್ತಿ ಇದ್ದರೆ ಸ್ಟೀರಿಯೊ ಡಿಐ ಬಾಕ್ಸ್ (ಸಾಮಾನ್ಯ ಔಟ್‌ಪುಟ್ ಅನ್ನು ಬ್ಯಾಲೆನ್ಸ್ಡ್ ಮಾಡುವ ಪೆಟ್ಟಿಗೆ) ಬಳಸಿ. ತುರ್ತಿಗೆ, ಬೇರೆ ಕೇಬಲ್ ಸಿಗದಿದ್ದರೆ, ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್ ಅನ್ನು ಮೋನೊ ಮಾಡಿ ಎಡಕ್ಕೆ ಪೂರ್ತಿ ಪ್ಯಾನ್ ಮಾಡಿ, ಅಂದರೆ ಸದ್ದೆಲ್ಲ ಎಡಕ್ಕೇ ಸರಿಸಿ. ಬಲದಲ್ಲಿ ಏನೂ ಇಲ್ಲದಿದ್ದರೆ ಕಳೆಯಲೂ ಏನೂ ಇರುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆ ಇವೆ. ಮಿಕ್ಸರ್‌ನ ಆ ಚಾನೆಲ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್‌ಗೆ ಕೇಬಲ್ ಮೂಲಕ ಕೊಡುವ ಕರೆಂಟ್) ಆಫ್ ಆಗಿದೆಯಾ ಅಂತ ಕೇಳಿಯೇ ಪಿನ್ ಹಾಕಿ, ಲ್ಯಾಪ್‌ಟಾಪ್ ಅಥವಾ ಫೋನ್‌ನ ಔಟ್‌ಪುಟ್ ಆ ವೋಲ್ಟೇಜ್‌ಗೆ ಮಾಡಿದ್ದಲ್ಲ. ಎರಡನೆಯದು, ಎಡ ಬಲ ಎರಡೂ ಔಟ್‌ಪುಟ್‌ಗಳನ್ನು ಒಂದೇ ವೈರ್‌ಗೆ ನೇರ ಜೋಡಿಸಿ ಮೋನೊ ಮಾಡಬೇಡಿ. ಒಂದು ಔಟ್‌ಪುಟ್ ಇನ್ನೊಂದಕ್ಕೆ ಹೊರೆಯಾಗಿ ಸದ್ದು ಒಡೆಯುತ್ತದೆ.

ಲಕ್ಷಣ: ಎರಡು ಸ್ಪೀಕರ್ ಒಟ್ಟಿಗೆ ನುಡಿಸಿದರೆ ಬೇಸ್ ಇಲ್ಲ, ಒಂದೇ ನುಡಿಸಿದರೆ ಇದೆ

ಒಂದು ಸ್ಪೀಕರ್‌ನ ಕೆಂಪು, ಕಪ್ಪು ವೈರ್ ಅದಲು ಬದಲಾಗಿದೆ. ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತಿದೆ. ಆಂಪ್ಲಿಫೈಯರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಒಂದೇ ಸ್ಪೀಕರ್‌ನ ವೈರ್ ತಿರುಗಿಸಿ ಹಾಕಿ ಮತ್ತೆ ಕೇಳಿ. ನಡುವೆ ನಿಂತಾಗ ಕಿಕ್ ಒಂದು ಜಾಗದಲ್ಲಿ ಗಟ್ಟಿಯಾಗಿ ಕೂತರೆ ಮುಗಿಯಿತು. ಪವರ್ಡ್ ಸ್ಪೀಕರ್‌ನಲ್ಲಿ ಈ ವೈರ್ ಹೊರಗೆ ಇರುವುದಿಲ್ಲ, ಅಲ್ಲಿ ಎಕ್ಸ್‌ಎಲ್‌ಆರ್ ಕೇಬಲ್‌ನ 2 ಮತ್ತು 3ನೇ ಪಿನ್ ಉಲ್ಟಾ ಬೆಸುಗೆ ಆಗಿರಬಹುದು. ಬೇರೆ ಕೇಬಲ್ ಹಾಕಿ ನೋಡಿ. ಸ್ಪೀಕರ್ ಅಥವಾ ಆಂಪ್‌ನ ಮುಚ್ಚಳ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ವೈರ್ ಸರಿಯಿದ್ದೂ ನೀವು ಕೂರುವ ಜಾಗದಲ್ಲಿ ಮಾತ್ರ ಬೇಸ್ ಇಲ್ಲದಿದ್ದರೆ ಅದು ಕೋಣೆಯ ಗುಣ. 50 ಹರ್ಟ್ಜ್ ಅಲೆಯ ಉದ್ದ ಸುಮಾರು 6.9 ಮೀಟರ್. ಹಿಂದಿನ ಗೋಡೆಯಿಂದ ಅದರ ಕಾಲು ಭಾಗ, ಅಂದರೆ ಸುಮಾರು 1.7 ಮೀಟರ್ ದೂರದಲ್ಲಿ ಕೂತರೆ ಗೋಡೆಗೆ ಬಡಿದು ವಾಪಸ್ ಬಂದ ಅಲೆ ನೇರ ಬಂದ ಅಲೆಯನ್ನು ತಿನ್ನುತ್ತದೆ. ಕುರ್ಚಿ ಹಿಂದೆ ಮುಂದೆ ಸರಿಸಿ ಕೇಳಿ. ಈ ಜಾಗದಲ್ಲಿ ಕೂತು ಕಿಕ್‌ನ ಬೇಸ್ ಏರಿಸುತ್ತಾ ಹೋದರೆ ಹೊರಗೆ ಎಲ್ಲ ಕಡೆ ಅದು ವಿಪರೀತ ಆಗುತ್ತದೆ.

ಲಕ್ಷಣ: ಹೆಡ್‌ಫೋನ್‌ನಲ್ಲಿ ಭರ್ಜರಿ, ಮೋನೊ ಒತ್ತಿದ ಕೂಡಲೇ ಜಾಳು

ಜಾಸ್ತಿ ಜನ ಒದ್ದಾಡುವುದು ಇಲ್ಲಿ. ಇದನ್ನು ನಿರ್ಲಕ್ಷಿಸುವ ಹಾಗೂ ಇಲ್ಲ, ಏಕೆಂದರೆ ಸಣ್ಣ ಬ್ಲೂಟೂತ್ ಸ್ಪೀಕರ್‌ಗಳಲ್ಲಿ ಎಷ್ಟೋ ಮೋನೊ ಇರುತ್ತವೆ, ಮತ್ತು ಗಣೇಶನ ಮೆರವಣಿಗೆಯ ಡಿಜೆ ಗಾಡಿಯಿಂದ ಹಿಡಿದು ಕ್ಲಬ್‌ವರೆಗೆ ಸಬ್‌ಗಳಿಗೆ (ಬೇಸ್ ಮಾತ್ರ ನುಡಿಸುವ ದೊಡ್ಡ ಸ್ಪೀಕರ್‌ಗಳಿಗೆ) ಸಾಮಾನ್ಯವಾಗಿ ಎಡ ಬಲ ಕೂಡಿಸಿದ ಸದ್ದನ್ನೇ ಕೊಡುತ್ತಾರೆ. ಅಂದರೆ ಕಿಕ್ ಎಲ್ಲಿ ನಿಜವಾಗಿ ಎದೆಗೆ ತಾಗಬೇಕೋ ಅಲ್ಲೇ ಅದು ಮೋನೊ ಆಗುತ್ತದೆ.

ಮೊದಲು ನಿಮ್ಮ ಟ್ರ್ಯಾಕ್‌ನಲ್ಲಿರುವ ಪ್ಲಗಿನ್ ಎಲ್ಲ ಬೈಪಾಸ್ ಮಾಡಿ ಮತ್ತೆ ಮೋನೊ ಒತ್ತಿ. ಈಗ ಕಿಕ್ ಸರಿಯಿದ್ದರೆ ತಪ್ಪು ಸ್ಯಾಂಪಲ್‌ನದ್ದಲ್ಲ. ಒಂದೊಂದೇ ಪ್ಲಗಿನ್ ಆನ್ ಮಾಡುತ್ತಾ ಬನ್ನಿ, ಯಾವುದು ಬಂದಾಗ ಬೇಸ್ ಹೋಗುತ್ತದೋ ಅದೇ ಕಾರಣ. ನನ್ನ ಅನುಭವದಲ್ಲಿ ಅದು ಸ್ಟೀರಿಯೊ ಅಗಲಿಸುವ ಪ್ಲಗಿನ್, ಕೋರಸ್, ಅಥವಾ ಒಂದು ಕಡೆಗೆ ಕೊಟ್ಟ ಡಿಲೇ ಆಗಿರುತ್ತದೆ.

ಡಿಲೇ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕಡೆಯನ್ನು ಕೆಲವು ಮಿಲಿಸೆಕೆಂಡ್ ತಡ ಮಾಡಿದರೆ ಸದ್ದು ಅಗಲ ಅನ್ನಿಸುತ್ತದೆ. ಗಿಟಾರ್‌ಗೆ ಪರವಾಗಿಲ್ಲ. ಕಿಕ್‌ಗೆ ಬೇಡ. 10 ಮಿಲಿಸೆಕೆಂಡ್ ತಡ ಮಾಡಿದರೆ ಮೋನೊದಲ್ಲಿ 50 ಹರ್ಟ್ಜ್ ಪೂರ್ತಿ ಹೋಗುತ್ತದೆ, ಜೊತೆಗೆ 150, 250 ಹೀಗೆ ಮೇಲಕ್ಕೂ ತೂತು ಬೀಳುತ್ತವೆ. ಲೆಕ್ಕ ಸುಲಭ, ತಡವನ್ನು ಎರಡರಿಂದ ಗುಣಿಸಿ 1000ವನ್ನು ಅದರಿಂದ ಭಾಗಿಸಿ. 9 ಮಿಲಿಸೆಕೆಂಡ್ ಆದರೆ 55 ಹರ್ಟ್ಜ್ ಸುತ್ತಮುತ್ತ. ಎಲೆಕ್ಟ್ರಾನಿಕ್ ಕಿಕ್‌ಗಳ ಮೂಲ ಸ್ವರ ಹೆಚ್ಚಾಗಿ ಇರುವುದೇ 45ರಿಂದ 60ರ ಆಸುಪಾಸಿನಲ್ಲಿ, ಅಂದರೆ ಕಿಕ್‌ನ ಹೊಟ್ಟೆಗೇ ಏಟು ಬೀಳುತ್ತದೆ.

ಪ್ಲಗಿನ್ ಎಲ್ಲ ತೆಗೆದರೂ ತೊಂದರೆ ಹಾಗೇ ಇದ್ದರೆ ಸ್ಯಾಂಪಲ್ ನೋಡಿ. ಆಡಾಸಿಟಿಯಲ್ಲಿ ತೆರೆದು ಎರಡು ಮೋನೊ ಟ್ರ್ಯಾಕ್ ಮಾಡಿ, ಒಂದಕ್ಕೆ ಇನ್ವರ್ಟ್ ಹಾಕಿ, ಎರಡನ್ನೂ ಮಿಕ್ಸ್ ಮಾಡಿ. ಗೆರೆ ಪೂರ್ತಿ ಚಪ್ಪಟೆ ಬಂದರೆ ಎರಡೂ ಕಡೆ ಒಂದೇ, ತೊಂದರೆ ಬೇರೆಲ್ಲೋ ಇದೆ, ಒಂದು ಕಡೆಯನ್ನು ಇಟ್ಟುಕೊಂಡು ಮುಂದೆ ಹೋಗಿ. ಏನೋ ಉಳಿದರೆ ಅದನ್ನು ಕೇಳಿ. ದಯವಿಟ್ಟು ಕೇಳಿ, ಬರೀ ನೋಡಬೇಡಿ. ಮುಂದೆ ಏನು ಮಾಡಬೇಕು ಅನ್ನುವುದನ್ನು ಆ ಉಳಿದ ಸದ್ದೇ ಹೇಳುತ್ತದೆ.

ಉಳಿದದ್ದು ಸಣ್ಣ ಸ್ಸ್ ಸದ್ದು, ಕೋಣೆಯ ಗಾಳಿ, ಕ್ಲಿಕ್‌ನ ಅಂಚು ಅಷ್ಟೇ ಆದರೆ ಭಯ ಬೇಡ. ಬೇಸ್ ನಡುವೆಯೇ ಇದೆ, ಅಗಲ ಮೇಲಿದೆ. ಇಂಥ ಕಿಕ್ ಅನ್ನು ಮೋನೊ ಮಾಡಲೇಬೇಕು ಅಂತ ಇಲ್ಲ. ಕಿಕ್ ಅಂದರೆ ಮೋನೊ ಇರಲೇಬೇಕು ಅಂತ ಕಣ್ಣು ಮುಚ್ಚಿ ಎಲ್ಲ ಫೈಲ್‌ಗಳನ್ನೂ ಪರಿವರ್ತಿಸುವುದು ನನಗೆ ಸರಿ ಕಾಣುವುದಿಲ್ಲ. ನಿಜವಾದ ಡ್ರಮ್ ಸೆಟ್‌ನ ಕಿಕ್‌ನಲ್ಲಿ ಓವರ್‌ಹೆಡ್ ಮೈಕ್‌ಗಳು ಹಿಡಿದ ಕೋಣೆಯ ಉಸಿರು ಇರುತ್ತದೆ, ಅದನ್ನು ಕಿತ್ತರೆ ಕಿಕ್ ಒಣಗಿದ ಹಾಗೆ ಆಗುತ್ತದೆ.

ಉಳಿದದ್ದರಲ್ಲಿ ಗುಮ್ ಅನ್ನುವ ಬೇಸ್ ಇದ್ದರೆ ಕೆಲಸ ಮಾಡಬೇಕು. ಮೊದಲ ಪ್ರಯತ್ನವಾಗಿ ಒಂದು ಕಡೆಯ ಪೊಲಾರಿಟಿ ತಿರುಗಿಸಿ ಮೋನೊದಲ್ಲಿ ಕೇಳಿ. ಬೇಸ್ ದಿಢೀರ್ ಅಂತ ತುಂಬಿಕೊಂಡರೆ ರೆಕಾರ್ಡ್ ಮಾಡುವಾಗಲೇ ಉಲ್ಟಾ ಆಗಿತ್ತು. ನಮ್ಮ ಡೊಳ್ಳನ್ನು ಕಿಕ್ ಕೆಳಗೆ ಲೇಯರ್ ಮಾಡುವವರು ಇದನ್ನು ಜಾಸ್ತಿ ಗಮನಿಸಬೇಕು. ಡೊಳ್ಳಿನ ಎರಡು ಮುಖಕ್ಕೂ ಒಂದೊಂದು ಮೈಕ್ ಇಟ್ಟು ಎಡ ಬಲ ಮಾಡಿದರೆ, ಹೊಡೆದ ಮುಖ ಒಳಗೆ ಹೋಗುವಾಗ ಆ ಕಡೆಯ ಮುಖ ಹೊರಗೆ ಬರುತ್ತದೆ. ಎರಡು ಮೈಕ್‌ಗಳಿಗೂ ಉಲ್ಟಾ ಅಲೆ ಸಿಗುತ್ತದೆ. ಹೆಡ್‌ಫೋನ್‌ನಲ್ಲಿ ಡೊಳ್ಳು ಮೈಗೆ ಸುತ್ತಿಕೊಂಡ ಹಾಗೆ ಕೇಳಿ ಖುಷಿಯಾಗುತ್ತದೆ, ಮೋನೊ ಮಾಡಿದರೆ ತಗಡು ಬಡಿದ ಹಾಗೆ ಆಗುತ್ತದೆ. ಒಂದು ಮೈಕ್‌ನ ಪೊಲಾರಿಟಿ ತಿರುಗಿಸಿದರೆ ಸಾಮಾನ್ಯವಾಗಿ ಗುಮ್ಮು ವಾಪಸ್ ಬರುತ್ತದೆ.

ಪೊಲಾರಿಟಿಯಿಂದ ಸರಿಹೋಗದಿದ್ದರೆ ಒಂದು ಕಡೆಯನ್ನಷ್ಟೇ ಇಟ್ಟುಕೊಂಡು ಕೇಳಿ. ಎಡ ಒಂದೇ, ಆಮೇಲೆ ಬಲ ಒಂದೇ. ಎರಡರಲ್ಲಿ ಚೆನ್ನಾಗಿರುವುದನ್ನು ಆರಿಸಿ. ಹತ್ತರಲ್ಲಿ ಏಳೆಂಟು ಸಲ ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಡೌನ್‌ಮಿಕ್ಸ್‌ಗಿಂತ ಇದು ಒಳ್ಳೆಯದು, ಏಕೆಂದರೆ ಇಲ್ಲಿ ಕೂಡಿಸುವುದೇ ಇಲ್ಲ, ಹಾಗಾಗಿ ತಿಂದುಹಾಕುವುದೂ ಇಲ್ಲ.

ಮೇಲಿನ ಅಗಲವೂ ಬೇಕು, ಕೆಳಗಿನ ಗಟ್ಟಿತನವೂ ಬೇಕು ಅಂದರೆ ಬೇಸ್ ಮಾತ್ರ ಮೋನೊ ಮಾಡಿ. ಏಬಲ್‌ಟನ್‌ನ ಯುಟಿಲಿಟಿಯಲ್ಲಿ ಬೇಸ್ ಮೋನೊ ಬಟನ್ ಇದೆ, 120 ಹರ್ಟ್ಜ್‌ನಿಂದ ಶುರು ಮಾಡಿ ಕಿವಿ ಹೇಳಿದ ಹಾಗೆ ಸರಿಸಿ. ಬೇರೆ ಸಾಫ್ಟ್‌ವೇರ್‌ನಲ್ಲಿ ಸೈಡ್ ಚಾನೆಲ್‌ಗೆ (ಎಡ-ಬಲದ ವ್ಯತ್ಯಾಸಕ್ಕೆ) ಮಾತ್ರ ಹೈಪಾಸ್ ಫಿಲ್ಟರ್ (ಬೇಸ್ ಕತ್ತರಿಸಿ ಮೇಲಿನದನ್ನು ಬಿಡುವ ಫಿಲ್ಟರ್) ಹಾಕಿದರೆ ಅದೇ ಕೆಲಸ. ಒಂದು ಮಾತು ಮರೆಯಬೇಡಿ. ಎಡ ಬಲದ ಬೇಸ್ ಉಲ್ಟಾ ಇರುವಾಗಲೇ ಇದನ್ನು ಹಾಕಿದರೆ ಬೇಸ್ ಸ್ಟೀರಿಯೊದಲ್ಲೂ ಹೋಗುತ್ತದೆ. ಪೊಲಾರಿಟಿ ಸರಿ ಮಾಡಿದ ಮೇಲೆಯೇ ಈ ಹಂತ.

ಸ್ಟೀರಿಯೊ ರೆಕಾರ್ಡ್‌ಗಳು 1958ರ ಹೊತ್ತಿಗೆ ಅಂಗಡಿಗೆ ಬಂದಾಗಿನಿಂದಲೂ ಈ ತಲೆನೋವು ಇದೆ. ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಎಡ ಬಲದ ಮೊತ್ತ ಸೂಜಿಯನ್ನು ಪಕ್ಕಕ್ಕೆ ಅಲ್ಲಾಡಿಸುತ್ತದೆ, ವ್ಯತ್ಯಾಸ ಮೇಲೆ ಕೆಳಗೆ ಅಲ್ಲಾಡಿಸುತ್ತದೆ. ಬೇಸ್‌ನಲ್ಲಿ ವ್ಯತ್ಯಾಸ ಜಾಸ್ತಿಯಾದರೆ ಸೂಜಿ ಎಗರುತ್ತದೆ. ಅದಕ್ಕೇ ತಟ್ಟೆ ಕೆತ್ತುವ ಎಂಜಿನಿಯರ್‌ಗಳು ಬೇಸ್ ಅನ್ನು ಮೋನೊ ಮಾಡಿಯೇ ಕೆತ್ತುತ್ತಿದ್ದರು. ನಾವು ಒಂದು ಬಟನ್‌ನಲ್ಲಿ ಮಾಡುವುದು ಅದೇ ಕೆಲಸ.

ಇನ್ನೊಂದು ಸುಳಿವು. ರೋಲ್ಯಾಂಡ್ ಕಂಪನಿಯ ಡ್ರಮ್ ಮಷಿನ್ ಟಿಆರ್-808 1980ರಲ್ಲಿ ಬಂತು, 909 1983ರಲ್ಲಿ. ಎರಡರಲ್ಲೂ ಕಿಕ್ ಹುಟ್ಟುವುದೇ ಮೋನೊ ಆಗಿ. ಆ ಹೆಸರಿನ ಸ್ಯಾಂಪಲ್‌ನಲ್ಲಿ ಬೇಸ್ ಎಡ ಬಲ ಬೇರೆ ಬೇರೆ ಇದ್ದರೆ ಪ್ಯಾಕ್ ಮಾಡಿದವರು ಆಮೇಲೆ ಏನೋ ಸೇರಿಸಿದ್ದಾರೆ. ಅದನ್ನು ತೆಗೆದುಹಾಕಲು ಹಿಂಜರಿಯಬೇಡಿ.

ಲಕ್ಷಣ: ಸದ್ದಿನ ಬಣ್ಣ ಅದೇ, ಮಟ್ಟ ಮಾತ್ರ ಏರಿದೆ ಅಥವಾ ಇಳಿದಿದೆ

ಇದು ದೋಷ ಅಲ್ಲ, ಲೆಕ್ಕ. ಒಂದೇ ಥರದ ಎಡ ಬಲವನ್ನು ಬರೀ ಕೂಡಿಸಿದರೆ 6 ಡಿಬಿ ಏರುತ್ತದೆ, ಮೀಟರ್ ಕೆಂಪಾಗಿ ಕಿಕ್ ಒಡೆಯುತ್ತದೆ. ಕೂಡಿಸಿ ಅರ್ಧ ಮಾಡುವ ಸಾಫ್ಟ್‌ವೇರ್ ಆದರೆ ಮಟ್ಟ ಹಾಗೇ ಇರುತ್ತದೆ. ಎಡ ಬಲಕ್ಕೆ ಸಂಬಂಧವೇ ಇಲ್ಲದ ಸದ್ದು ಅರ್ಧ ಮಾಡಿದಾಗ ಸುಮಾರು 3 ಡಿಬಿ ಇಳಿಯುತ್ತದೆ.

ಕೂಡಿಸಿಯೇ ಇಲ್ಲ, ಅದೇ ಕಿಕ್‌ನ ಮೋನೊ ಫೈಲ್ ಹಾಕಿದ್ದೇನೆ, ಆದರೂ 3 ಡಿಬಿ ಕಡಿಮೆ ಅಂದರೆ ಪ್ಯಾನ್ ಲಾ ನೋಡಿ. ಮೋನೊ ಸದ್ದು ನಡುವೆ ಇರುವಾಗ ಎರಡು ಸ್ಪೀಕರ್‌ನಿಂದಲೂ ಬಂದು ಜೋರಾಗದಿರಲಿ ಅಂತ ಎಷ್ಟೋ ಸಾಫ್ಟ್‌ವೇರ್‌ಗಳು ನಡುವೆ ಸ್ವಲ್ಪ ತಗ್ಗಿಸುತ್ತವೆ. ಪ್ರೊ ಟೂಲ್ಸ್‌ನಲ್ಲಿ 2.5, 3, 4.5, 6 ಡಿಬಿ ಅಂತ ಆಯ್ಕೆಗಳಿವೆ, ರೀಪರ್ ಮತ್ತು ಕ್ಯೂಬೇಸ್‌ನಲ್ಲೂ ಬದಲಿಸಬಹುದು. ಅರ್ಧ ಮುಗಿದ ಪ್ರಾಜೆಕ್ಟ್‌ನಲ್ಲಿ ಮಾತ್ರ ಬದಲಿಸಬೇಡಿ, ಕಿಕ್ ಜೊತೆಗೆ ಉಳಿದ ಟ್ರ್ಯಾಕ್‌ಗಳ ಮಟ್ಟವೂ ಹೆಚ್ಚು ಕಡಿಮೆ ಆಗುತ್ತದೆ. ಕಿಕ್‌ನ ಫೇಡರ್ 3 ಡಿಬಿ ಏರಿಸಿ, ಸಾಕು. ಸ್ಟೀರಿಯೊ ಮತ್ತು ಮೋನೊ ಹೋಲಿಸುವಾಗಲೂ ಮೊದಲು ಮಟ್ಟ ಸಮ ಮಾಡಿ, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ?

ಲಕ್ಷಣ: ಎರಡು ಕಿಕ್ ಸೇರಿಸಿದರೆ ಒಂದಕ್ಕಿಂತ ಸಪ್ಪೆ

ಒಂದನ್ನು ಮ್ಯೂಟ್ ಮಾಡಿದಾಗ ಬೇಸ್ ಜಾಸ್ತಿಯಾದರೆ ಎರಡೂ ಜಗಳವಾಡುತ್ತಿವೆ. ಮೊದಲು ಒಂದರ ಪೊಲಾರಿಟಿ ತಿರುಗಿಸಿ, ಯಾವ ಕಡೆ ಬೇಸ್ ಜಾಸ್ತಿಯೋ ಅಲ್ಲಿ ಬಿಡಿ. ಆಮೇಲೆ ಹತ್ತಿರಕ್ಕೆ ಜೂಮ್ ಮಾಡಿ ಎರಡರ ಮೊದಲ ದೊಡ್ಡ ಉಬ್ಬು ಒಂದೇ ದಿಕ್ಕಿನಲ್ಲಿ, ಒಂದೇ ಕ್ಷಣದಲ್ಲಿ ಬರುವ ಹಾಗೆ ಸರಿಸಿ. 44.1 ಕಿಲೋಹರ್ಟ್ಜ್‌ನಲ್ಲಿ 1 ಮಿಲಿಸೆಕೆಂಡ್ ಅಂದರೆ 44 ಸ್ಯಾಂಪಲ್ ಪಾಯಿಂಟ್, ಅಷ್ಟು ಸಣ್ಣ ಸರಿತವೂ ಕಿವಿಗೆ ಗೊತ್ತಾಗುತ್ತದೆ.

ಒಂದು ಕಿಕ್ ಎಂಪಿ3 ಆಗಿದೆಯಾ ನೋಡಿ. ಎಂಪಿ3 ಮಾಡುವಾಗ ಫೈಲ್‌ನ ಶುರುವಿನಲ್ಲಿ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ, ಅದು 25 ಮಿಲಿಸೆಕೆಂಡ್‌ವರೆಗೂ ಇರಬಹುದು. ಕೆಲವು ಸಾಫ್ಟ್‌ವೇರ್ ಅದನ್ನು ಕತ್ತರಿಸುತ್ತವೆ, ಕೆಲವು ಇಲ್ಲ. ಕಿಕ್‌ಗೆ ಯಾವಾಗಲೂ ವೇವ್ ಫೈಲ್ ಬಳಸಿ.

ಇಷ್ಟಾದರೂ ಸರಿಹೋಗದಿದ್ದರೆ ಎರಡಕ್ಕೂ ಬೇಸ್ ಬೇಕಾ ಅಂತ ಯೋಚಿಸಿ. ಒಂದಕ್ಕೆ 150 ಹರ್ಟ್ಜ್ ಆಸುಪಾಸಿನಲ್ಲಿ ಹೈಪಾಸ್ ಹಾಕಿ ಬರೀ ಟಕ್ ಸದ್ದಿಗೆ ಇಟ್ಟುಕೊಳ್ಳಿ, ಗುಮ್ ಇನ್ನೊಂದರದ್ದಾಗಲಿ. ಹೈಪಾಸ್‌ಗೆ ಲೀನಿಯರ್ ಫೇಸ್ ಇಕ್ಯೂ ಹಾಕಿದ್ದು ಹೊಡೆತಕ್ಕೆ ಮುಂಚೆ ಒಂದು ಸಣ್ಣ ಎಳೆತ ಕೇಳಿಸಿದರೆ ಸಾಮಾನ್ಯ ಇಕ್ಯೂಗೆ ಬದಲಾಯಿಸಿ.

ಲಕ್ಷಣ: ಒಂದೊಂದು ಹೊಡೆತ ಒಂದೊಂದು ಥರ

ಅದೇ ಸ್ಯಾಂಪಲ್, ಅದೇ ಜೋರು, ಆದರೂ ಒಮ್ಮೆ ದಪ್ಪ, ಒಮ್ಮೆ ತೆಳು. ಇಲ್ಲಿ ಮೋನೊ ಅನ್ನುವ ಪದಕ್ಕೆ ಎರಡು ಅರ್ಥ ಇರುವುದು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಸ್ಯಾಂಪ್ಲರ್‌ನಲ್ಲಿ ಮೋನೊ ಅಂದರೆ ಒಂದು ಸಲಕ್ಕೆ ಒಂದೇ ಸ್ವರ ನುಡಿಸು ಅಂತ. ಎಡ ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಿಂದಿನ ಹೊಡೆತದ ಬಾಲ ಮುಗಿಯುವ ಮುಂಚೆ ಮುಂದಿನ ಹೊಡೆತ ಬಂದರೆ ಎರಡೂ ಕೂಡಿ ಒಮ್ಮೆ ಗಟ್ಟಿ, ಒಮ್ಮೆ ಜಾಳು ಆಗುತ್ತದೆ. ಬಾಲ ಉದ್ದ ಇರುವ 808 ಥರದ ಕಿಕ್‌ನಲ್ಲಿ ಇದು ಎದ್ದು ಕಾಣುತ್ತದೆ. ಏಬಲ್‌ಟನ್‌ನ ಸಿಂಪ್ಲರ್‌ನಲ್ಲಿ ವಾಯ್ಸ್ 1 ಮಾಡಿ, ಎಫ್‌ಎಲ್ ಸ್ಟುಡಿಯೊದಲ್ಲಿ ಚಾನೆಲ್‌ನ ಕಟ್ ಇಟ್‌ಸೆಲ್ಫ್ ಒತ್ತಿ. ಕತ್ತರಿಸಿದ ಜಾಗದಲ್ಲಿ ಟಿಕ್ ಸದ್ದು ಬಂದರೆ ರಿಲೀಸ್ ಕೆಲವು ಮಿಲಿಸೆಕೆಂಡ್ ಕೊಡಿ.

ಆಗಲೂ ನಿಲ್ಲದಿದ್ದರೆ ಕಿಕ್ ಕೆಳಗೆ ಸಿಂಥ್‌ನಿಂದ ಮಾಡಿದ ಸಬ್ ಇದೆಯಾ ನೋಡಿ. ಸಿಂಥ್‌ನ ಆಸಿಲೇಟರ್ ಪ್ರತಿ ಸಲ ಬೇರೆ ಜಾಗದಿಂದ ಶುರುವಾಗುತ್ತಿದ್ದರೆ ಪ್ರತಿ ಹೊಡೆತವೂ ಬೇರೆ. ಫೇಸ್ ರೀಸೆಟ್ ಅಥವಾ ರೀಟ್ರಿಗ್ ಆನ್ ಮಾಡಿ, ಯೂನಿಸನ್ (ಒಂದೇ ಸ್ವರವನ್ನು ಹಲವು ದನಿಗಳಲ್ಲಿ ನುಡಿಸುವುದು) ತೆಗೆಯಿರಿ. ಅದೂ ಸಾಲದಿದ್ದರೆ ಚೆನ್ನಾಗಿ ಬಂದ ಒಂದು ಹೊಡೆತವನ್ನು ಆಡಿಯೊ ಆಗಿ ರೆಂಡರ್ ಮಾಡಿ ಎಲ್ಲ ಕಡೆ ಅದನ್ನೇ ಬಳಸಿ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಕಿಕ್ ಮೇಲೆ ಸತತವಾಗಿ ಅರ್ಧ ಗಂಟೆ ಕೂತರೆ ಕಿವಿ ಸೋಲುತ್ತದೆ. ಬೇಸ್ ಜೋರಾಗಿದ್ದರೂ ಜೋರು ಅನ್ನಿಸುವುದಿಲ್ಲ, ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ ಅಂತ ಲೆಕ್ಕ ಇಟ್ಟುಕೊಂಡಿದ್ದಾರೆ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧ ಆಗುತ್ತದೆ. 94 ಆದರೆ ಒಂದೇ ಗಂಟೆ. ಕೆಲಸ ಮುಗಿಸಿದ ಮೇಲೆ ಕಿವಿಯಲ್ಲಿ ಗುಯ್ ಅನ್ನುತ್ತಿದ್ದು ಮಾರನೇ ದಿನಕ್ಕೂ ಹೋಗದಿದ್ದರೆ, ಅಥವಾ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ತಡ ಮಾಡದೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ಸ್ಪೀಕರ್ ಅಥವಾ ಆಂಪ್‌ನಿಂದ ಸುಟ್ಟ ವಾಸನೆ ಬಂದರೆ, ಮೈಕ್ ಅಥವಾ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ ಅಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಪವರ್ ತೆಗೆಸಿ. ಜುಮ್ ಅನ್ನುವುದು ಅರ್ಥಿಂಗ್ ತೊಂದರೆ ಇರಬಹುದು, ಎಲೆಕ್ಟ್ರಿಷಿಯನ್ ನೋಡಬೇಕು.

ಎಲ್ಲ ಮಾಡಿಯೂ ಕಿಕ್ ಸರಿಹೋಗದಿದ್ದರೆ ಮಿಕ್ಸ್ ಎಂಜಿನಿಯರ್‌ಗೆ ಕೊಡಿ. ಕೊಡುವಾಗ ಪೂರ್ತಿ ಹಾಡಿನ ಎಂಪಿ3 ಮಾತ್ರ ಕಳಿಸಿದರೆ ಅವರಿಗೆ ಏನೂ ಮಾಡಲು ಆಗುವುದಿಲ್ಲ. ಮೂಲ ಸ್ಯಾಂಪಲ್‌ನ ವೇವ್ ಫೈಲ್, ಪ್ಲಗಿನ್ ಇಲ್ಲದ ಕಿಕ್ ಟ್ರ್ಯಾಕ್, ಪ್ಲಗಿನ್ ಇರುವ ಕಿಕ್ ಟ್ರ್ಯಾಕ್, ಇವು ಮೂರನ್ನೂ ಒಂದೇ ಜಾಗದಿಂದ ಶುರುವಾಗುವ ಹಾಗೆ ಎಕ್ಸ್‌ಪೋರ್ಟ್ ಮಾಡಿ ಕಳಿಸಿ. ಜೊತೆಗೆ ಯಾವ ಸ್ಪೀಕರ್‌ನಲ್ಲಿ ಹೋಯಿತು, ಯಾವುದರಲ್ಲಿ ಇತ್ತು, ಮಧ್ಯೆ ಯಾವ ಕೇಬಲ್ ಇತ್ತು ಅಂತ ಎರಡು ಸಾಲು ಬರೆಯಿರಿ. ಆ ಫೆಸ್ಟ್ ಆದ ಮೇಲೆ ನನಗೆ ಒಬ್ಬರು ಸೌಂಡ್ ಎಂಜಿನಿಯರ್ ಫೋನ್‌ನಲ್ಲಿ ಕೇಳಿದ್ದೂ ಅದನ್ನೇ. ಕೇಬಲ್‌ನ ಮಿಕ್ಸರ್ ಕಡೆಯ ತುದಿಯಲ್ಲಿ ಪ್ಲಗ್ ಎಷ್ಟಿತ್ತು ಅಂದರು. ಒಂದೇ ಅಂದೆ. ಸ್ಯಾಂಪಲ್ ಮುಟ್ಟಬೇಡಿ ಅಂದರು.